ಮಗು ಹೆದರದೆ ಬಂದು ಹೇಳುವಂತಿರಬೇಕು: ಆನ್‌ಲೈನ್ ಅಪಾಯಗಳು ಮತ್ತು ಹೆತ್ತವರ ಕೆಲಸ

ಮಕ್ಕಳ ಕೈಗೆ ಮೊಬೈಲ್ ಕೊಡಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಹೆಚ್ಚಿನ ಮನೆಗಳಲ್ಲಿ ಮುಗಿದುಹೋಗಿದೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆದಾಗ ಮಕ್ಕಳ ಕೈಗೆ ಬಂದ ಫೋನ್ ಮತ್ತೆ ವಾಪಸಾಗಲಿಲ್ಲ. ಇಂದು ಹೋಮ್‌ವರ್ಕ್ ಬರುವುದು ತರಗತಿಯ ವಾಟ್ಸಾಪ್ ಗ್ರೂಪಿಗೆ. ಬಸದಿಯ ಪಾಠಶಾಲೆ ಎಷ್ಟು ಗಂಟೆಗೆ ಎಂಬ ಸೂಚನೆ ಬರುವುದೂ ಅಲ್ಲಿಗೇ. ಹೀಗಿರುವಾಗ "ಕೊಡಲೇಬೇಡಿ" ಎಂಬ ಉಪದೇಶದಿಂದ ಯಾವ ತಾಯಿಗೂ ಉಪಯೋಗವಿಲ್ಲ.

ಕೊಟ್ಟ ಮೇಲೆ ನಾವು ಹೆಚ್ಚಾಗಿ ಮಾತಾಡುವುದು ಗಂಟೆಗಳ ಲೆಕ್ಕ. ದಿನಕ್ಕೆ ಒಂದು ಗಂಟೆಯೋ ಎರಡೋ, ಊಟದ ಹೊತ್ತಿಗೆ ಇರಬೇಕೋ ಬೇಡವೋ. ನಿದ್ದೆ, ಕಣ್ಣು, ಓದು ಎಲ್ಲದರ ದೃಷ್ಟಿಯಿಂದ ಅದು ಬೇಕಾದ ಲೆಕ್ಕವೇ. ಆದರೆ ಅರ್ಧ ಗಂಟೆಯಲ್ಲೂ ದೊಡ್ಡ ಅನಾಹುತ ಆಗಬಹುದು. ಪರದೆಯ ಆ ಬದಿಯಲ್ಲಿ ಯಾರಿದ್ದಾರೆ, ಏನಾದರೂ ಎಡವಟ್ಟಾದರೆ ಮಗು ಮೊದಲು ಯಾರಿಗೆ ಹೇಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ನಮ್ಮಲ್ಲಿರಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಕುರಿತೇ ಇದೆ.

ಅಪರಿಚಿತರು ಬರುವ ದಾರಿ

ಅಪರಿಚಿತ ವ್ಯಕ್ತಿ ಎಂದರೆ ನಮ್ಮ ಮನಸ್ಸಿಗೆ ಬರುವುದು ಬಸ್ ನಿಲ್ದಾಣದಲ್ಲಿ ಚಾಕೊಲೇಟ್ ತೋರಿಸುವ ಮನುಷ್ಯ. ಆನ್‌ಲೈನ್‌ನಲ್ಲಿ ಆತ ಮಗುವಿನ ವಯಸ್ಸಿನವನಾಗಿಯೇ ಬರುತ್ತಾನೆ. ಹೆಚ್ಚಾಗಿ ಪರಿಚಯ ಆರಂಭವಾಗುವುದು ಗುಂಪಾಗಿ ಆಡುವ ಗೇಮ್‌ಗಳ ಚಾಟ್‌ನಲ್ಲಿ ಅಥವಾ ಇನ್‌ಸ್ಟಾಗ್ರಾಮ್‌ನಲ್ಲಿ ಬರುವ ಒಂದು ಫಾಲೋ ವಿನಂತಿಯಿಂದ. ನಾಲ್ಕು ದಿನ ಆಟದ ಮಾತು. ಆಮೇಲೆ ಶಾಲೆ ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ, ಅಪ್ಪ ಅಮ್ಮ ಬೈಯುತ್ತಾರಾ ಎಂಬ ಮಾತು. ಆ ಕೊನೆಯ ಪ್ರಶ್ನೆಯನ್ನು ಹೆತ್ತವರು ಗಮನಿಸಬೇಕು. ಮನೆಯಲ್ಲಿ ಬೈಗುಳ ಜಾಸ್ತಿ ಎಂದು ಗೊತ್ತಾದರೆ ಅವನ ಕೆಲಸ ಸುಲಭ.

ನಂತರ "ಇಲ್ಲಿ ಬೇಡ, ವಾಟ್ಸಾಪ್‌ಗೆ ಬಾ" ಅಥವಾ "ಟೆಲಿಗ್ರಾಮ್‌ಗೆ ಬಾ" ಎನ್ನುತ್ತಾನೆ. ಗೇಮ್ ಕಂಪನಿಯ ನಿಗಾ ಇರುವ ಜಾಗದಿಂದ ಯಾರೂ ನೋಡದ ಜಾಗಕ್ಕೆ ಮಗುವನ್ನು ಕರೆದೊಯ್ಯುವುದು ಇದರ ಉದ್ದೇಶ. ಜೊತೆಗೆ ಒಂದು ಗುಟ್ಟು ಹುಟ್ಟಿಕೊಳ್ಳುತ್ತದೆ: "ಮನೆಯಲ್ಲಿ ಹೇಳಬೇಡ." ಹೀಗೆ ಮಗುವನ್ನು ಮೆಲ್ಲಗೆ ಪುಸಲಾಯಿಸಿ ಒಲಿಸಿಕೊಳ್ಳುವುದನ್ನು ತನಿಖೆ ಮಾಡುವವರು ಗ್ರೂಮಿಂಗ್ ಎನ್ನುತ್ತಾರೆ. ಇದು ವಾರಗಟ್ಟಲೆ ನಡೆಯಬಹುದು. ಕೆಲವೊಮ್ಮೆ ಒಂದೇ ಸಂಜೆಯಲ್ಲಿ ಮುಗಿಯಲೂಬಹುದು.

ಒಂದೇ ಸಂಜೆಯಲ್ಲಿ ಮುಗಿಯುವಂಥದ್ದು ಹೆಚ್ಚಾಗಿ ಹಣಕ್ಕಾಗಿ ನಡೆಯುವ ಬೆದರಿಕೆ. ಹುಡುಗಿಯ ಫೋಟೋ ಇರುವ ಖಾತೆಯೊಂದು ಹತ್ತನೇ ತರಗತಿಯ ಹುಡುಗನೊಂದಿಗೆ ಸ್ನೇಹ ಮಾಡುತ್ತದೆ, ತನ್ನದೆಂದು ಒಂದು ಖಾಸಗಿ ಚಿತ್ರ ಕಳುಹಿಸಿ ಅವನದನ್ನೂ ಕೇಳುತ್ತದೆ. ಅವನು ಕಳುಹಿಸಿದ ಮರುಕ್ಷಣ ಮಾತಿನ ಧಾಟಿ ಬದಲಾಗುತ್ತದೆ. ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ. "ಇಷ್ಟು ಹಣ ಹಾಕು, ಇಲ್ಲದಿದ್ದರೆ ನಿನ್ನ ಅಕ್ಕನಿಗೆ, ಟೀಚರ್‌ಗೆ, ಎಲ್ಲರಿಗೂ ಕಳಿಸುತ್ತೇನೆ." ಹೆಣ್ಣುಮಕ್ಕಳಿಗೆ ಮಾತ್ರ ಅಪಾಯ, ಗಂಡುಮಕ್ಕಳ ಬಗ್ಗೆ ಚಿಂತೆಯಿಲ್ಲ ಎಂದುಕೊಂಡಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಣಕ್ಕಾಗಿ ನಡೆಯುವ ಈ ಬಗೆಯ ವಂಚನೆಯಲ್ಲಿ ಸಾಮಾನ್ಯವಾಗಿ ಗುರಿಯಾಗುವವರು 14ರಿಂದ 17 ವರ್ಷದ ಹುಡುಗರು ಎಂದು ಅಮೆರಿಕದ ಎಫ್‌ಬಿಐ ಎಚ್ಚರಿಸಿದೆ. ಹುಡುಗಿಯರಿಂದ ಹಣಕ್ಕಿಂತ ಇನ್ನಷ್ಟು ಚಿತ್ರ, ವಿಡಿಯೋ ಕಾಲ್, ಭೇಟಿ ಕೇಳುವುದು ಹೆಚ್ಚು.

ಈಗ ಇನ್ನೊಂದು ತೊಂದರೆ ಸೇರಿಕೊಂಡಿದೆ. ಮಗು ಏನನ್ನೂ ಕಳುಹಿಸದೆಯೇ ಇದು ನಡೆಯಬಹುದು. ಸಾಧಾರಣ ಉಡುಪಿನಲ್ಲಿರುವ ಫೋಟೋದಿಂದ ಅಶ್ಲೀಲ ಚಿತ್ರ ತಯಾರಿಸುವ ಎಐ ಸಾಧನಗಳಿವೆ. ಇದನ್ನು ಮಾಡುವವರು ದೂರದವರೇ ಆಗಬೇಕಿಲ್ಲ, ಪಕ್ಕದ ಬೆಂಚಿನ ಸಹಪಾಠಿಯೂ "ತಮಾಷೆಗೆ" ಮಾಡಿರಬಹುದು. ಆದ್ದರಿಂದ ವಿಷಯ ತಿಳಿದಾಗ "ನೀನು ಕಳಿಸದೆ ಅವನಿಗೆ ಹೇಗೆ ಸಿಕ್ಕಿತು?" ಎಂದು ಮಗುವನ್ನೇ ಆರೋಪಿಯಾಗಿಸಬೇಡಿ.

ಮಗು ಬಾಯಿ ಬಿಡದಿರಲು ಕಾರಣ

ಬೆದರಿಸುವವನ ಬಳಿ ಇರುವ ನಿಜವಾದ ಆಯುಧ ಮಗುವಿಗೆ ನಮ್ಮ ಮೇಲಿರುವ ಹೆದರಿಕೆ. ಫೋನ್ ಕಿತ್ತುಕೊಳ್ಳುತ್ತಾರೆ, ಹೊಡೆಯುತ್ತಾರೆ, ಓದು ಬಿಡಿಸುತ್ತಾರೆ, ಸಂಬಂಧಿಕರಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಲೆಕ್ಕಾಚಾರ ಮಗುವಿನ ತಲೆಯಲ್ಲಿ ಓಡುತ್ತಿರುತ್ತದೆ. ನಮ್ಮ ಸಮಾಜ ಚಿಕ್ಕದು. ಯಾವ ಊರಿಗೆ ಹೋದರೂ ಮನೆತನದ ಹೆಸರು ಹೇಳಿದರೆ ಗುರುತು ಹಿಡಿಯುವವರಿರುತ್ತಾರೆ. ಮದುವೆ, ಪಂಚಕಲ್ಯಾಣ ಎಂದು ವರ್ಷಕ್ಕೆ ನಾಲ್ಕು ಸಲ ಅದೇ ಜನ ಎದುರಾಗುತ್ತಾರೆ. ದೊಡ್ಡವರಿಗೆ ನೆಮ್ಮದಿ ಕೊಡುವ ಈ ಸಂಗತಿಯೇ ಸಿಕ್ಕಿಬಿದ್ದ ಮಗುವಿಗೆ ಉಸಿರು ಕಟ್ಟಿಸುತ್ತದೆ.

ಹಾಗಾಗಿ ಮಾತು ಏನೂ ಆಗುವ ಮೊದಲೇ ಆಗಿರಬೇಕು, ಒಂದಲ್ಲ ನಾಲ್ಕು ಸಲ ಆಗಿರಬೇಕು. ಭಾಷಣ ಬೇಡ. ತೋಟಕ್ಕೆ ಹೋಗುವಾಗಲೋ ಪಾತ್ರೆ ಒರೆಸುವಾಗಲೋ ಆಡಿದರೆ ಸಾಕು: "ನೋಡು ಪುಟ್ಟಾ, ಫೋನಲ್ಲಿ ಯಾರಾದ್ರೂ ಹೆದರಿಸಿದ್ರೆ, ಫೋಟೋ ಕೇಳಿದ್ರೆ, ನೀನೇ ಕಳಿಸಿಬಿಟ್ಟಿದ್ರೂ ಸರಿ, ಬಂದು ಹೇಳು. ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ. ಮೊದಲು ಅದನ್ನ ಸರಿ ಮಾಡೋಣ." ಇದರಲ್ಲಿ "ನೀನೇ ಕಳಿಸಿಬಿಟ್ಟಿದ್ರೂ" ಎಂಬ ಭಾಗ ಬಿಟ್ಟರೆ ಉಳಿದದ್ದು ಉಪಯೋಗಕ್ಕೆ ಬಾರದು. ತಪ್ಪಿಲ್ಲದ ಮಗು ಹೇಗೂ ಬಂದು ಹೇಳುತ್ತದೆ. ತಪ್ಪು ಮಾಡಿದ್ದೇನೆ ಎಂದು ಅಳುಕುವ ಮಗುವಿಗೇ ಬಾಗಿಲು ತೆರೆದಿರಬೇಕು.

ಆಡಿದ ಮಾತನ್ನು ಮಕ್ಕಳು ಸಣ್ಣ ವಿಷಯಗಳಲ್ಲಿ ಪರೀಕ್ಷಿಸುತ್ತಾರೆ. ಒಂಬತ್ತು ವರ್ಷದ ಮಗು "ಯೂಟ್ಯೂಬಲ್ಲಿ ಏನೋ ಕೆಟ್ಟದ್ದು ಬಂತು" ಎಂದಾಗ ನಾವು ರೇಗಿ ಟ್ಯಾಬ್ ಕಪಾಟಿಗೆ ಸೇರಿಸಿದರೆ, ಹದಿನಾಲ್ಕರಲ್ಲಿ ಅದು ನಮ್ಮ ಬಳಿ ಬರುವುದಿಲ್ಲ. ಎಲ್ಲರ ಮುಂದೆ ಬರದೆ ಇದ್ದರೆ ಚಿಕ್ಕಮ್ಮನೋ ಸೋದರಮಾವನೋ ಅಕ್ಕನೋ ಒಬ್ಬರನ್ನು ಮಗುವೇ ಆರಿಸಿಕೊಳ್ಳಲಿ. ಅಪ್ಪನಿಗೆ ಹೇಳಲಾಗದ್ದನ್ನು ಮಾವನಿಗೆ ಹೇಳುವ ಹುಡುಗರು ಹಿಂದೆಯೂ ಇದ್ದರು.

ನಡೆದೇ ಹೋಗಿದ್ದರೆ

ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ, ಕೊಡಬಲ್ಲವರು ಎಂದು ಗೊತ್ತಾಗಿ ಬೇಡಿಕೆ ಏರುತ್ತದೆ. ಚಾಟ್ ಅಳಿಸಬೇಡಿ, ಖಾತೆಯನ್ನು ಅವಸರದಲ್ಲಿ ಡಿಲೀಟ್ ಮಾಡಬೇಡಿ. ನಾಚಿಕೆಯಿಂದ ಮಗು ಮೊದಲು ಮಾಡಲು ಹೊರಡುವುದೇ ಅದು, ಅದರೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಬೆದರಿಸಿದವನ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಫೋನ್ ನಂಬರ್, ಹಣ ಕೇಳಿದ ಯುಪಿಐ ಐಡಿ, ಬೆದರಿಕೆಯ ಮಾತು ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿ. ಅವನೊಂದಿಗೆ ವಾದ, ಬೇಡಿಕೊಳ್ಳುವುದು, ನೀವೇ ಮಗುವಿನ ಹೆಸರಿನಲ್ಲಿ ಚಾಟ್ ಮಾಡಿ ಹಿಡಿಯುವ ಸಾಹಸ ಯಾವುದೂ ಬೇಡ.

ಇಲ್ಲೊಂದು ಮುಖ್ಯ ಎಚ್ಚರಿಕೆ. ಮಗುವಿನ ಖಾಸಗಿ ಚಿತ್ರವನ್ನು ಸಾಕ್ಷ್ಯವೆಂದು ಭಾವನಿಗೆ, ವಕೀಲ ಸ್ನೇಹಿತರಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ ವಾಟ್ಸಾಪ್ ಮಾಡಬೇಡಿ. 18 ವರ್ಷದೊಳಗಿನವರ ಅಶ್ಲೀಲ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡವಿದೆ. ಇಂಥದ್ದನ್ನು ನೋಡುವುದು, ಇಟ್ಟುಕೊಳ್ಳುವುದೂ ಅಪರಾಧದ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಫೋನನ್ನೇ ಪೊಲೀಸರಿಗೆ ತೋರಿಸಿ. ಇದೇ ವಿಷಯವನ್ನು ಮಕ್ಕಳಿಗೂ ಹೇಳಿರಬೇಕು. ಸಹಪಾಠಿಯ ಚಿತ್ರ ಗ್ರೂಪಿಗೆ ಬಂದಾಗ ನಗುತ್ತಾ ಫಾರ್ವರ್ಡ್ ಮಾಡಿದ ಹುಡುಗನೂ ಕಾನೂನಿನ ಕೈಗೆ ಸಿಗುತ್ತಾನೆ.

ದೂರು ಕೊಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ: ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ದಾಖಲಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆರಂಭದ ಹೊತ್ತಿನಲ್ಲೇ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆಗಳಿವೆ. ಅಲ್ಲಿಗೆ ಹೋಗಬಹುದು, ಹತ್ತಿರದ ಠಾಣೆಗೂ ಹೋಗಬಹುದು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಕೆಲಸ ಮಾಡುತ್ತದೆ. ಆ ಸಂಖ್ಯೆಗೆ ಮಗುವೇ ನೇರ ಕರೆ ಮಾಡಬಹುದು.

ಠಾಣೆ ಎಂದೊಡನೆ ಹಿಂಜರಿಯುವವರೇ ಹೆಚ್ಚು. ಆದರೆ 2012ರ ಪೋಕ್ಸೋ ಕಾಯ್ದೆ ಮಗುವಿನ ಪರವಾಗಿ ಹಲವು ರಕ್ಷಣೆಗಳನ್ನು ಕೊಟ್ಟಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ, ಕುಟುಂಬದ ಗುರುತು ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಇನ್ನೊಂದು ಮಾತು: ಇಂಥ ಅಪರಾಧ ಗೊತ್ತಿದ್ದೂ ತಿಳಿಸದೆ ಇರುವುದನ್ನು ಆ ಕಾಯ್ದೆ ಒಪ್ಪುವುದಿಲ್ಲ. "ನಮ್ಮೊಳಗೇ ಮುಗಿಸಿಬಿಡೋಣ" ಎಂದು ಹಿರಿಯರು ಕೂತು ಮಾತಾಡಿ ಮುಚ್ಚಿಹಾಕುವ ವಿಷಯ ಇದಲ್ಲ.

ಚಿತ್ರ ಹರಡದಂತೆ ತಡೆಯಲು ಒಂದು ಉಪಾಯವಿದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ ನಡೆಸುವ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯನ್ನು ನಮ್ಮ ಮಕ್ಕಳೂ ಬಳಸಬಹುದು. ಚಿತ್ರವನ್ನು ಅಲ್ಲಿಗೆ ಕಳುಹಿಸಬೇಕಾಗಿಲ್ಲ. ನಿಮ್ಮ ಫೋನಿನೊಳಗೇ ಆ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ, ಅದು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಮುಂತಾದ ಒಪ್ಪಂದವಿರುವ ಕಂಪನಿಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪ್‌ನಂಥ ಖಾಸಗಿ ಸಂದೇಶಗಳೊಳಗೆ ಇದು ಕೆಲಸ ಮಾಡದು. ಇದಲ್ಲದೆ ನೇರವಾಗಿ ಆಯಾ ಕಂಪನಿಗೂ ದೂರು ಕೊಡಿ. ಇಂಥ ಚಿತ್ರ ತೆಗೆಯಲು ನಮ್ಮ ದೇಶದ 2021ರ ಐಟಿ ನಿಯಮಗಳು ಹಾಕಿದ್ದ 24 ಗಂಟೆಯ ಗಡುವನ್ನು 2026ರಲ್ಲಿ 2 ಗಂಟೆಗೆ ಇಳಿಸಲಾಗಿದೆ.

ಆ ರಾತ್ರಿ ಮಗುವನ್ನು ಒಂಟಿಯಾಗಿ ಮಲಗಲು ಬಿಡಬೇಡಿ. ಪ್ರಶ್ನೆಗಳನ್ನು ಬೆಳಗ್ಗೆ ಕೇಳಿದರಾಯಿತು. ಊಟ ಬಿಟ್ಟು ಕೂತರೆ, ಬದುಕುವುದೇ ಬೇಡ ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳದೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಅದು ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಗೇಮ್ ಅಥವಾ ಮೊಬೈಲ್ ಚಟವೇ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ "ಶಟ್" ಕ್ಲಿನಿಕ್ ನಡೆಯುತ್ತಿದೆ.

ಫೋನ್ ಯಾರ ಹೆಸರಿನಲ್ಲಿದೆ?

ಸೆಟ್ಟಿಂಗ್‌ಗಳ ಬಗ್ಗೆ ಹೇಳುವ ಮೊದಲು ಇದನ್ನು ಕೇಳಬೇಕು. ಬಹಳಷ್ಟು ಮನೆಗಳಲ್ಲಿ ಮಕ್ಕಳು ನೋಡುವುದು ಅಪ್ಪನ ಫೋನ್, ಅಜ್ಜಿಯ ಫೋನ್, ಇಲ್ಲವೇ ಅಜ್ಜನ ಖಾತೆ ತೆರೆದಿರುವ ಹಾಲಿನ ಟಿವಿ. ಯೂಟ್ಯೂಬ್ ಲೆಕ್ಕದಲ್ಲಿ ಅಲ್ಲಿ ಕೂತು ಕಾರ್ಟೂನ್ ನೋಡುತ್ತಿರುವವರು 68 ವರ್ಷದ ಯಜಮಾನರು! ಅವರಿಗೆ ತಕ್ಕ ಜಾಹೀರಾತು, ಅವರಿಗೆ ತಕ್ಕ ಸಲಹೆಗಳು ಮಗುವಿನ ಮುಂದೆ ಬರುತ್ತವೆ. ಕಂಪನಿಗಳು ಮಕ್ಕಳಿಗೆಂದು ಮಾಡಿಟ್ಟ ಯಾವ ರಕ್ಷಣೆಯೂ ಅಲ್ಲಿ ಕೆಲಸ ಮಾಡುವುದಿಲ್ಲ.

ಸಣ್ಣ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಆ್ಯಪ್ ಬೇರೆಯೇ ಇದೆ. ನೀವೇ ಆರಿಸಿದ ವಿಡಿಯೋ ಮತ್ತು ಚಾನೆಲ್‌ಗಳು ಮಾತ್ರ ಕಾಣುವಂತೆ ಅದರಲ್ಲಿ ಮಾಡಬಹುದು. ಮಗುವಿಗೆ ಬೇರೆ ಫೋನೋ ಟ್ಯಾಬೋ ಕೊಡುವುದಾದರೆ ಗೂಗಲ್ ಫ್ಯಾಮಿಲಿ ಲಿಂಕ್ ಮೂಲಕ ಅದರ ವಯಸ್ಸಿನದೇ ಖಾತೆ ತೆರೆಯಿರಿ. ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕಾಗುತ್ತದೆ, ರಾತ್ರಿ ನಿಗದಿತ ಹೊತ್ತಿಗೆ ಫೋನ್ ತಾನೇ ಲಾಕ್ ಆಗುತ್ತದೆ. ಆದರೆ ಮಗು ಯಾರೊಂದಿಗೆ ಏನು ಚಾಟ್ ಮಾಡಿತು ಎಂಬುದನ್ನು ಅದು ತೋರಿಸುವುದಿಲ್ಲ. ಆ್ಯಪ್ ಹಾಕಿದ್ದೇವೆ ಎಂದು ನಿಶ್ಚಿಂತರಾಗುವಂತಿಲ್ಲ.

ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಕನಿಷ್ಠ ವಯಸ್ಸು 13. ಹತ್ತು ವರ್ಷದ ಮಗುವಿಗೆ ಹುಟ್ಟಿದ ವರ್ಷ ತಪ್ಪು ಹಾಕಿ ಖಾತೆ ಮಾಡಿಕೊಡುವುದು ಎಷ್ಟೋ ಸಲ ನಾವೇ. ಇದರ ಪರಿಣಾಮ ಮುಂದೆ ಗೊತ್ತಾಗುತ್ತದೆ. ಇನ್‌ಸ್ಟಾಗ್ರಾಮ್ 18ರೊಳಗಿನವರ ಖಾತೆಯನ್ನು ತಾನಾಗಿಯೇ ಹದಿಹರೆಯದವರ ಖಾತೆಯಾಗಿ ಮಾಡುತ್ತದೆ: ಖಾತೆ ಪ್ರೈವೇಟ್ ಆಗಿರುತ್ತದೆ, ಪರಿಚಯವಿಲ್ಲದವರು ಮೆಸೇಜ್ ಮಾಡಲಾಗದು, 16ರೊಳಗಿನವರು ಇವುಗಳನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಹುಟ್ಟಿದ ವರ್ಷ 1999 ಎಂದು ಹಾಕಿದ್ದರೆ ಈ ಎಲ್ಲ ಬಾಗಿಲುಗಳೂ ತೆರೆದೇ ಇರುತ್ತವೆ. ಇಂದು ಸಂಜೆ ಮಗುವಿನೊಂದಿಗೆ ಕೂತು ನೋಡಬೇಕಾದ ಒಂದೇ ಒಂದು ಸೆಟ್ಟಿಂಗ್ ಹೇಳಿ ಎಂದರೆ ನಾನು ಹೇಳುವುದು ಈ ಹುಟ್ಟಿದ ವರ್ಷವನ್ನು. ಆಮೇಲೆ ವಾಟ್ಸಾಪ್‌ನ ಪ್ರೈವಸಿಗೆ ಹೋಗಿ ಪ್ರೊಫೈಲ್ ಫೋಟೋ ಮತ್ತು ಗ್ರೂಪಿಗೆ ಸೇರಿಸುವ ಅಧಿಕಾರ ಎರಡನ್ನೂ "ಮೈ ಕಾಂಟ್ಯಾಕ್ಟ್ಸ್" ಎಂದು ಮಾಡಿ, ಎರಡು ಹಂತದ ಪಿನ್ ಹಾಕಿ.

ಮಗುವಿಗೆ ತಿಳಿಯದಂತೆ ಅದರ ಚಾಟ್ ಓದುವ ಗುಪ್ತ ಆ್ಯಪ್ ಹಾಕುವವರಿದ್ದಾರೆ. ಸಿಕ್ಕಿಬಿದ್ದ ದಿನ ಮಗು ಇನ್ನೊಂದು ಖಾತೆ ತೆರೆಯುತ್ತದೆ, ಅದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ನೋಡುತ್ತೇನೆ ಎಂದು ಹೇಳಿಯೇ ನೋಡುವುದು ಒಳ್ಳೆಯದು.

ನಾವೇ ಹಾಕುವ ಫೋಟೋಗಳು

ದಶಲಕ್ಷಣ ಪರ್ವದಲ್ಲಿ ಮಗು ಉಪವಾಸ ಮಾಡಿದರೆ ಮನೆಯವರಿಗೆ ಹೆಮ್ಮೆ. ಮರುದಿನವೇ ಅದರ ಫೋಟೋ, ಪೂರ್ತಿ ಹೆಸರು, ವಯಸ್ಸು, ತಂದೆತಾಯಿಯ ಹೆಸರು, ಊರು, ಓದುವ ಶಾಲೆ ಎಲ್ಲ ಸೇರಿ ಒಂದು ಪೋಸ್ಟರ್ ಆಗಿ ಹತ್ತಾರು ಗ್ರೂಪುಗಳಿಗೆ ಹೋಗುತ್ತದೆ. ಉಪನಯನ, ಸ್ಪರ್ಧೆಯ ಬಹುಮಾನ, ಹತ್ತನೇ ತರಗತಿಯ ಅಂಕಪಟ್ಟಿಗೂ ಹೀಗೇ. ಆ ಗ್ರೂಪಿನ ಐನೂರು ಜನರಲ್ಲಿ ನಮಗೆ ಪರಿಚಯವಿರುವವರು ಎಷ್ಟು? ಮಗುವಿನೊಂದಿಗೆ "ನಾನು ನಿನ್ನ ಅಪ್ಪನ ಸ್ನೇಹಿತ" ಎಂದು ಮಾತು ಆರಂಭಿಸಲು ಬೇಕಾದ ಎಲ್ಲವೂ ಆ ಒಂದು ಪೋಸ್ಟರಿನಲ್ಲಿದೆ. ಅಭಿನಂದನೆ ಬೇಡವೆಂದಲ್ಲ. ಹೆಸರು ಮತ್ತು ಊರು ಸಾಕು. ಶಾಲೆ, ಹುಟ್ಟಿದ ದಿನ, ಫೋನ್ ನಂಬರ್ ಬೇಡ. ಅಭಿಷೇಕಕ್ಕೆ ಸಿದ್ಧರಾಗುವ, ನೀರಾಟವಾಡುವ ಸಣ್ಣ ಮಕ್ಕಳ ಅರೆಬಟ್ಟೆಯ ಚಿತ್ರಗಳಂತೂ ಸರ್ವಥಾ ಬೇಡ. ಅಂಕಪಟ್ಟಿ ಹಾಕುವುದಾದರೆ ರಿಜಿಸ್ಟರ್ ಸಂಖ್ಯೆ ಮುಚ್ಚಿ. ಆನ್‌ಲೈನ್ ಪಾಠಶಾಲೆ ನಡೆಸುವವರು ಮೀಟಿಂಗ್ ಲಿಂಕನ್ನು ಫೇಸ್‌ಬುಕ್‌ನಲ್ಲಿ ಬಹಿರಂಗವಾಗಿ ಹಾಕದೆ, ಒಳಗೆ ಬರುವವರನ್ನು ಹೆಸರು ನೋಡಿ ಬಿಟ್ಟುಕೊಳ್ಳುವುದು ಒಳ್ಳೆಯದು.

ಎಂಟು ವರ್ಷ ದಾಟಿದ ಮಗುವನ್ನು "ಈ ಫೋಟೋ ಹಾಕಲಾ?" ಎಂದು ಕೇಳಿ ನೋಡಿ. ಬೇಡ ಎಂದರೆ ಹಾಕಬೇಡಿ. ತನ್ನ ಚಿತ್ರದ ಮೇಲೆ ತನಗೆ ಮಾತಿದೆ ಎಂದು ಮನೆಯಲ್ಲಿ ಕಲಿತ ಮಗುವಿಗೆ, ನಾಳೆ ಬೇರೆಯವರು ಕೇಳಿದಾಗ ಬೇಡ ಎನ್ನುವುದು ಅಭ್ಯಾಸವಾಗಿರುತ್ತದೆ.

ಹಣದ ವಿಷಯ ಚುಟುಕಾಗಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆದರೂ ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವ ಮನೆಗಳು ಅದನ್ನು ಇಂದೇ ಬದಲಿಸಬೇಕು. ಕಾಲೇಜು ಮಕ್ಕಳಿಗೆ ಇನ್ನೊಂದು ಬಲೆಯಿದೆ: "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ." ವಂಚಕರು ಕದ್ದ ಹಣ ಸಾಗಿಸುವುದು ಇಂಥ ಖಾತೆಗಳ ಮೂಲಕ. ಪೊಲೀಸರು ಮೊದಲು ಬರುವುದು ಖಾತೆ ಯಾರದೋ ಅವರ ಮನೆಗೆ.

ಹಾಸ್ಟೆಲಿಗೆ ಹೋಗುವ ಮಕ್ಕಳು

ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಮೂಡುಬಿದಿರೆ, ಉಜಿರೆ, ಬೆಳಗಾವಿ, ಮೈಸೂರು ಎಂದು ಹಾಸ್ಟೆಲ್ ಸೇರುತ್ತಾರೆ. ಅಲ್ಲಿಯವರೆಗೆ ಅಪ್ಪನ ಫೋನನ್ನು ಕದ್ದುಮುಚ್ಚಿ ನೋಡುತ್ತಿದ್ದ ಮಗುವಿಗೆ ಸ್ವಂತ ಫೋನ್ ಸಿಗುವುದು ಹಾಗೆ ಹೊರಡುವ ವಾರದಲ್ಲಿ. ಅಭ್ಯಾಸವಿಲ್ಲ, ಪಕ್ಕದಲ್ಲಿ ಹೇಳುವವರಿಲ್ಲ. ಈ ಜೋಡಣೆಯೇ ಸರಿಯಿಲ್ಲ ಎಂದು ನನ್ನ ಅಭಿಪ್ರಾಯ. ಫೋನ್ ಕೊಡುವುದು ಖಚಿತವಾಗಿದ್ದರೆ ಒಂಬತ್ತನೇ ತರಗತಿಯ ಬೇಸಿಗೆ ರಜೆಯಲ್ಲೇ ಕೊಟ್ಟು, ಒಂದು ವರ್ಷ ಮನೆಯಲ್ಲಿ ನಿಮ್ಮ ಕಣ್ಣೆದುರು ಬಳಸಲು ಬಿಡಿ. ಸಣ್ಣ ಎಡವಟ್ಟುಗಳು ಅಲ್ಲೇ ಆಗಲಿ, ಅಲ್ಲೇ ಸರಿಯಾಗಲಿ.

ಫೋನಿಗೆ ಅವಕಾಶವಿಲ್ಲದ ಹಾಸ್ಟೆಲ್‌ಗಳಲ್ಲಿ ರಜೆಗೆ ಬಂದ ಮಗು ಹತ್ತು ದಿನದಲ್ಲಿ ಮೂರು ತಿಂಗಳಿನದ್ದನ್ನೆಲ್ಲ ನೋಡಿ ಮುಗಿಸಲು ಹೊರಡುತ್ತದೆ. ಆ ದಿನಗಳಲ್ಲಿ ರಾತ್ರಿ ಫೋನ್ ಹಾಲಿನಲ್ಲಿ ಚಾರ್ಜಿಗಿರಲಿ, ದೊಡ್ಡವರದ್ದೂ ಅಲ್ಲೇ ಇರಲಿ. ಹಾಸ್ಟೆಲಿಗೆ ಹೊರಡುವ ದಿನ ಡೈರಿಯ ಮೊದಲ ಪುಟದಲ್ಲಿ 1098, 1930, 14416 ಎಂಬ ಮೂರು ಸಂಖ್ಯೆಗಳನ್ನೂ, ಮನೆಯ ನಂಬರಿನ ಜೊತೆಗೆ ಮಗು ತಾನೇ ಆರಿಸಿಕೊಂಡ ಆ ಒಬ್ಬರ ನಂಬರನ್ನೂ ಅದರ ಕೈಯಿಂದಲೇ ಬರೆಸಿ.